ಕಾರಿನಲ್ಲಿ ಕೂಸಿಗೂ ಬೇಕು ತನ್ನದೇ ಆಸನ

ಮುಶಿಗೇರಿ (ಗದಗ ಜಿಲ್ಲೆ): ಹೆರಿಗೆಗೆಂದು ತವರಿಗೆ ಬಂದ ಮಗಳು ಬಾಣಂತನ ಮುಗಿಸಿ, ಐದು ತಿಂಗಳ ಕೂಸಿನೊಂದಿಗೆ ಗಂಡನ ಮನೆಗೆ ಹೊರಡುವ ದಿನ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒಂದು ಸಣ್ಣ ಹಬ್ಬವೇ ಸರಿ. ಗಜೇಂದ್ರಗಡ ತಾಲ್ಲೂಕಿನ ಮುಶಿಗೇರಿಯೂ ಇದಕ್ಕೆ ಹೊರತಲ್ಲ. ಹಿಂದೆ ಎತ್ತಿನ ಗಾಡಿ, ಅನಂತರ ಬಸ್ಸು. ಈಗ ಮನೆಯದೇ ಕಾರು, ಇಲ್ಲವೇ ಗಜೇಂದ್ರಗಡದಿಂದಲೋ ರೋಣದಿಂದಲೋ ಗೊತ್ತುಮಾಡಿ ತರಿಸಿದ ಬಾಡಿಗೆ ಕಾರು. ತವರಿನವರು ಕೊಟ್ಟ ತೊಟ್ಟಿಲು ಕಾರಿನ ಮೇಲಿನ ಕ್ಯಾರಿಯರ್ ಸೇರುತ್ತದೆ. ಉಡಿ ತುಂಬಿಸಿಕೊಂಡ ಬಾಣಂತಿಯನ್ನು, ಗಾಳಿ ಚೆನ್ನಾಗಿ ಬರಲೆಂದು, ಚಾಲಕನ ಪಕ್ಕದ ಆಸನದಲ್ಲಿ ಕೂರಿಸುತ್ತಾರೆ. ಕುಂಚಿಗೆ ಕಟ್ಟಿದ ಕೂಸು ಆಕೆಯ ಮಡಿಲಿಗೆ.

ಆ ಕಾರಿನಲ್ಲಿ ಎಲ್ಲರಿಗಿಂತ ಸುರಕ್ಷಿತವಾಗಿರುವುದು ಕೂಸೇ ಎಂಬುದು ಬೀಳ್ಕೊಡಲು ನಿಂತವರೆಲ್ಲರ ನಂಬಿಕೆ. ತಾಯಿಯ ಮಡಿಲಿಗಿಂತ ಭದ್ರವಾದ ಜಾಗ ಬೇರೆ ಯಾವುದಿದೆ? ಮನೆಯಲ್ಲಿ, ಜಗುಲಿಯಲ್ಲಿ, ನಿಂತ ಗಾಡಿಯಲ್ಲಿ ಈ ಮಾತು ನಿಜ. ಗಂಟೆಗೆ ಐವತ್ತು, ಎಂಬತ್ತು ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿನಲ್ಲಿ ಮಾತ್ರ ಇದು ನಿಜವಲ್ಲ. ಚಾಲಕನ ಪಕ್ಕದ ಆಸನದಲ್ಲಿ ತಾಯಿಯ ಮಡಿಲೇರಿದ ಕೂಸು ಆ ಕಾರಿನಲ್ಲಿ ಅತ್ಯಂತ ಅಪಾಯದ ಜಾಗದಲ್ಲಿರುತ್ತದೆ.

ಲೆಕ್ಕ ಸರಳ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಅದರೊಳಗಿನ ಕೂಸೂ ಅದೇ ವೇಗದಲ್ಲಿರುತ್ತದೆ. ಎದುರಿನ ಲಾರಿಗೋ ರಸ್ತೆ ಬದಿಯ ಮರಕ್ಕೋ ಡಿಕ್ಕಿ ಹೊಡೆದು ಕಾರು ನಿಂತರೂ ಕೂಸು ನಿಲ್ಲುವುದಿಲ್ಲ. ಯಾವುದಾದರೂ ತಡೆಯುವವರೆಗೆ ಅದು ಅದೇ ವೇಗದಲ್ಲಿ ಮುಂದಕ್ಕೆ ಸಾಗುತ್ತದೆ. ಹತ್ತು ಕಿಲೋ ತೂಕದ ಮಗುವನ್ನು ಆ ವೇಗದಿಂದ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ತಡೆದು ನಿಲ್ಲಿಸಬೇಕಾದರೆ ಬೇಕಾಗುವ ಬಲ ಸುಮಾರು 140 ಕಿಲೋ ಭಾರವನ್ನು ಎತ್ತಿಹಿಡಿಯುವಷ್ಟು. ಎಂಬತ್ತರ ವೇಗದಲ್ಲಿ ಅದು ಎರಡು ಕ್ವಿಂಟಲ್ ಮೀರುತ್ತದೆ. ಎರಡು ಕ್ವಿಂಟಲ್ ಜೋಳವನ್ನು ಎರಡು ತೋಳುಗಳಲ್ಲಿ, ಅದೂ ಮುನ್ಸೂಚನೆಯಿಲ್ಲದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದು ನಿಲ್ಲಿಸಬಲ್ಲ ತಾಯಿ ಇಲ್ಲ, ತಂದೆಯೂ ಇಲ್ಲ. ಐವತ್ತರ ವೇಗದಲ್ಲಿ ಡಿಕ್ಕಿಯಾಗುವುದೆಂದರೆ ಮೂರಂತಸ್ತಿನ ಕಟ್ಟಡದ ಎತ್ತರದಿಂದ ನೆಲಕ್ಕೆ ಬಿದ್ದಂತೆ. ಆ ಎತ್ತರದ ಮಾಳಿಗೆಯ ಅಂಚಿನಲ್ಲಿ ಕೂಸನ್ನು ಯಾರೂ ಕೂರಿಸುವುದಿಲ್ಲ.

ತಾಯಿ ಸೀಟ್ ಬೆಲ್ಟ್ ಧರಿಸದಿದ್ದರೆ ಸಂಗತಿ ಇನ್ನೂ ಕೆಡುತ್ತದೆ. ಅರವತ್ತು ಕಿಲೋ ತೂಕದ ಆಕೆಯ ದೇಹವೂ ಅದೇ ವೇಗದಲ್ಲಿ ಮುಂದಕ್ಕೆ ಬಂದು, ನಡುವೆ ಸಿಕ್ಕ ಮಗುವನ್ನು ಡ್ಯಾಶ್‌ಬೋರ್ಡಿಗೆ ಅದುಮುತ್ತದೆ. ತಾಯಿ–ಮಗು ಇಬ್ಬರನ್ನೂ ಒಂದೇ ಬೆಲ್ಟಿನೊಳಗೆ ಸೇರಿಸಿ ಕಟ್ಟಿಕೊಳ್ಳುವವರು ಕೆಲವರಿದ್ದಾರೆ. ಆಗಲೂ ತಾಯಿಯ ಭಾರವನ್ನು ತಾಳಿಕೊಳ್ಳುವುದು ಬೆಲ್ಟಲ್ಲ, ಮಗುವಿನ ಹೊಟ್ಟೆ.

ಏರ್‌ಬ್ಯಾಗ್ ಎಂಬ ಎರಡಲಗಿನ ಕತ್ತಿ

ಹಳೆಯ ಕಾರುಗಳಲ್ಲಿ ಇಲ್ಲದ ಒಂದು ಅಪಾಯ ಹೊಸ ಕಾರುಗಳಲ್ಲಿದೆ. ಮುಂದಿನ ಆಸನದ ಏರ್‌ಬ್ಯಾಗ್ ಬೆಲ್ಟ್ ಧರಿಸಿದ ವಯಸ್ಕರನ್ನು ಉಳಿಸಲೆಂದು ರೂಪಿಸಿದ ಸಾಧನ. ಡಿಕ್ಕಿಯಾದ ಕ್ಷಣಾರ್ಧದಲ್ಲಿ ಅದು ಗಂಟೆಗೆ 200ರಿಂದ 300 ಕಿ.ಮೀ. ವೇಗದಲ್ಲಿ ಉಬ್ಬಿ ಹೊರಬರುತ್ತದೆ. ದೊಡ್ಡವರ ಎದೆಗೆ ತಾಗಬೇಕಾದ ಆ ಹೊಡೆತ ಮಡಿಲಲ್ಲಿರುವ ಮಗುವಿನ ತಲೆಗೆ, ಕುತ್ತಿಗೆಗೆ ಬೀಳುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಂದಿನ ಆಸನದಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಹೆಣ್ಣುಮಗು ಹೀಗೆಯೇ ಸಾವನ್ನಪ್ಪಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನವಿ ಮುಂಬೈನ ವಾಶಿಯಲ್ಲಿ ಮುಂದಿನ ಆಸನದಲ್ಲಿದ್ದ ಆರು ವರ್ಷದ ಬಾಲಕ ಏರ್‌ಬ್ಯಾಗಿನ ಹೊಡೆತಕ್ಕೆ ಬಲಿಯಾದ. ಮಕ್ಕಳನ್ನು ಹಿಂದಿನ ಆಸನದಲ್ಲೇ ಕೂರಿಸಬೇಕೆಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಹಿಂದಿನ ಆಸನವೂ ತಾನಾಗಿಯೇ ಭದ್ರವಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅವರಿದ್ದ ಐಷಾರಾಮಿ ಕಾರು ಸೇತುವೆಯ ತಡೆಗೋಡೆಗೆ ಅಪ್ಪಳಿಸಿದಾಗ ಮುಂದಿದ್ದ ಇಬ್ಬರು ಬದುಕಿದರು. ಬೆಲ್ಟ್ ಧರಿಸದೆ ಹಿಂದೆ ಕುಳಿತಿದ್ದ ಇಬ್ಬರೂ ಉಳಿಯಲಿಲ್ಲ. ಕೇಂದ್ರ ಹೆದ್ದಾರಿ ಸಚಿವಾಲಯದ ಲೆಕ್ಕದಂತೆ ಅದೇ 2022ರಲ್ಲಿ ದೇಶದಲ್ಲಿ ಸೀಟ್ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಅವರಲ್ಲಿ ಸುಮಾರು ಅರ್ಧದಷ್ಟು, ಅಂದರೆ 8,331 ಮಂದಿ, ಚಾಲಕರಲ್ಲ, ಪ್ರಯಾಣಿಕರು.

ಕಾನೂನು ಏನನ್ನುತ್ತದೆ?

ಮಕ್ಕಳ ಆಸನದ ವಿಷಯದಲ್ಲಿ ನಮ್ಮಲ್ಲಿ ಕಾನೂನೇ ಇಲ್ಲ ಎಂದು ತಿಳಿದವರು ಬಹಳ. ವಾಸ್ತವದಲ್ಲಿ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 194ಬಿ ಎಂಬ ಕಲಂ ಸೇರಿದೆ. 2019ರ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್‌ನಿಂದ ಅಥವಾ ಮಕ್ಕಳ ಸುರಕ್ಷಾ ಆಸನದಿಂದ ಭದ್ರಪಡಿಸದೆ ವಾಹನ ಚಲಾಯಿಸುವವರಿಗೆ, ಚಲಾಯಿಸಲು ಬಿಡುವವರಿಗೆ ಒಂದು ಸಾವಿರ ರೂಪಾಯಿ ದಂಡ ಎಂದು ಆ ಕಲಂ ಹೇಳುತ್ತದೆ. ಮಡಿಲಿಗೆ ಅದರಲ್ಲಿ ವಿನಾಯಿತಿ ಇಲ್ಲ. ಮಿಸ್ತ್ರಿ ಅವರ ಸಾವಿನ ನಂತರ, 2022ರ ಅಕ್ಟೋಬರ್‌ನಲ್ಲಿ, ಕಾರಿನಲ್ಲಿರುವ ಎಲ್ಲರೂ ಬೆಲ್ಟ್ ಧರಿಸುವಂತೆ ನೋಡಿಕೊಳ್ಳಲು ಕರ್ನಾಟಕ ಪೊಲೀಸ್ ಇಲಾಖೆಯೂ ಸೂಚನೆ ಹೊರಡಿಸಿತು. ಆದರೆ ಹೆಲ್ಮೆಟ್ ಇಲ್ಲದ ಸವಾರನನ್ನು ತಡೆಯುವ ಪೊಲೀಸರು, ತಾಯಿಯ ಮಡಿಲಲ್ಲಿ ನಿದ್ರಿಸುವ ಮಗುವನ್ನು ಕಂಡು ಕಾರನ್ನು ನಿಲ್ಲಿಸಿದ್ದನ್ನು ನೋಡಿದವರು ವಿರಳ.

ನೆರೆಯ ಕೇರಳದಲ್ಲಿ ಒಂದು ಪ್ರಯತ್ನ ನಡೆಯಿತು. ಮಲಪ್ಪುರಂ ದುರಂತದ ಬೆನ್ನಿಗೇ, 2024ರ ಅಕ್ಟೋಬರ್‌ನಲ್ಲಿ, ಮಕ್ಕಳ ಆಸನವನ್ನು ಕಡ್ಡಾಯಗೊಳಿಸಿ ಡಿಸೆಂಬರ್‌ನಿಂದ ದಂಡ ವಿಧಿಸುವುದಾಗಿ ಅಲ್ಲಿನ ಸಾರಿಗೆ ಆಯುಕ್ತರು ಪ್ರಕಟಿಸಿದರು. ಟೀಕೆ ಎದ್ದೊಡನೆ, ಸದ್ಯಕ್ಕೆ ದಂಡವಿಲ್ಲ, ತಿಳಿವಳಿಕೆ ಮೂಡಿಸುವುದಷ್ಟೇ ಉದ್ದೇಶ ಎಂದು ಸಾರಿಗೆ ಸಚಿವರು ಹಿಂದೆ ಸರಿದರು.

ಮಡಿಲಿನ ಮೋಹ ನಮ್ಮೊಬ್ಬರದೇ ಅಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದ ಅಜ್ಜಿಯರು, ಅಲ್ಲಿ ಕಾರಿನ ಆಸನ ತಂದು ತೋರಿಸದೆ ಆಸ್ಪತ್ರೆಯವರು ಕೂಸನ್ನು ಮನೆಗೆ ಕಳುಹಿಸಲು ಒಪ್ಪುವುದಿಲ್ಲ ಎಂದು ಬೆರಗಿನಿಂದ ಹೇಳುವುದುಂಟು. ಆ ದೇಶ ಈ ಹಂತಕ್ಕೆ ಒಮ್ಮೆಲೇ ಬರಲಿಲ್ಲ. ಮಕ್ಕಳ ತಜ್ಞ ಡಾ. ರಾಬರ್ಟ್ ಸ್ಯಾಂಡರ್ಸ್ ಅವರ ಒತ್ತಾಯದಿಂದ ಟೆನೆಸ್ಸಿ ರಾಜ್ಯದಲ್ಲಿ 1978ರಲ್ಲಿ ಮಕ್ಕಳ ಆಸನದ ಮೊದಲ ಕಾನೂನು ಜಾರಿಗೆ ಬಂದಾಗ, ದೊಡ್ಡವರು ತೋಳಿನಲ್ಲಿ ಹಿಡಿದುಕೊಂಡ ಮಗುವಿಗೆ ಆಸನ ಬೇಡ ಎಂಬ ವಿನಾಯಿತಿಯನ್ನು ಶಾಸಕರು ತುರುಕಿದ್ದರು. ತಾಯಿಯ ಪ್ರೀತಿಗೆ ಕಾನೂನು ಅಡ್ಡಬರಬಾರದು ಎಂಬ ವಾದ. ವೈದ್ಯರು ಮಾತ್ರ ಅದನ್ನು ‘ಮಗುವನ್ನು ಜಜ್ಜುವ ತಿದ್ದುಪಡಿ’ ಎಂದು ಕರೆದರು. 1981ರಲ್ಲಿ ಆ ವಿನಾಯಿತಿ ರದ್ದಾಯಿತು. 1985ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನು ಬಂದಿತ್ತು. ಸರಿಯಾಗಿ ಬಳಸಿದ ಆಸನ ಕಾರು ಅಪಘಾತಗಳಲ್ಲಿ ಒಂದು ವರ್ಷದೊಳಗಿನ ಕೂಸುಗಳ ಸಾವನ್ನು ಶೇ. 71ರಷ್ಟು, ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವನ್ನು ಶೇ. 54ರಷ್ಟು ತಗ್ಗಿಸುತ್ತದೆ ಎಂಬುದು ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತದ ಅಂದಾಜು.

ಹಿಂದೆ ಮುಖ ಮಾಡಿ ಏಕೆ?

ಆಸನಗಳಲ್ಲಿ ಮುಖ್ಯವಾಗಿ ಮೂರು ಬಗೆ. ಇವುಗಳಲ್ಲಿ ಹೆಚ್ಚು ಪ್ರಶ್ನೆ ಏಳುವುದು ಮೊದಲನೆಯದರ ಬಗ್ಗೆ. ಹುಟ್ಟಿದ ಕೂಸಿಗೆ ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂರಿಸುವ ಆಸನವೇ ಬೇಕು. ಕೂಸಿನ ತಲೆ ಮೈಗಿಂತ ಅಳತೆ ಮೀರಿ ದೊಡ್ಡದು, ಭಾರದ್ದು. ಮೈ ಉದ್ದದ ಕಾಲು ಭಾಗ ತಲೆಯೇ. ಕುತ್ತಿಗೆಯ ಮೂಳೆಗಳು ಆಗಿನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿದ್ದಾಗ ಡಿಕ್ಕಿಯಾದರೆ ಮೈ ಪಟ್ಟಿಗಳಲ್ಲಿ ನಿಲ್ಲುತ್ತದೆ, ತಲೆ ಮಾತ್ರ ಮುಂದಕ್ಕೆ ಜಗ್ಗುತ್ತದೆ. ಎಲ್ಲ ಭಾರವೂ ಎಳೆಯ ಕುತ್ತಿಗೆಯ ಮೇಲೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಆಸನದ ಒರಗಿಗೆ ಆತುಕೊಳ್ಳುತ್ತವೆ. ಅಂಗೈಯಲ್ಲಿ ಕೂಸಿನ ಕತ್ತನ್ನು ಆನಿಸಿ ಎತ್ತಿಕೊಳ್ಳುವ ಅಜ್ಜಿಗೆ ಈ ತರ್ಕ ಹೊಸದೇನಲ್ಲ. ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಇಂಥ ಆಸನ ರೂಪಿಸಿದಾಗ ಅವರಿಗೆ ಹೊಳಹು ಕೊಟ್ಟದ್ದು, ಬಾಹ್ಯಾಕಾಶಕ್ಕೆ ಹೋಗುವವರು ರಾಕೆಟ್ಟಿನ ಒತ್ತಡವನ್ನು ಬೆನ್ನಿನಿಂದ ತಾಳಿಕೊಳ್ಳುವಂತೆ ಮಲಗಿರುತ್ತಿದ್ದ ರೀತಿ. ಸ್ವೀಡನ್ನಿನಲ್ಲಿ ಇಂದಿಗೂ ಮಕ್ಕಳನ್ನು ನಾಲ್ಕು ವರ್ಷದವರೆಗೆ ಹೀಗೆ ಕೂರಿಸುವ ರೂಢಿಯಿದೆ. ವಿಶ್ವಸಂಸ್ಥೆಯ ‘ಆರ್129’ ನಿಯಮದಲ್ಲಿ ಕನಿಷ್ಠ ಹದಿನೈದು ತಿಂಗಳವರೆಗೆ ಕಡ್ಡಾಯ. ಕಾಲು ಮಡಿಚಿ ಕೂರಬೇಕಾಗುತ್ತದಲ್ಲ ಎಂಬ ಚಿಂತೆ ಬೇಡ. ಮಕ್ಕಳು ಚಕ್ಕಳಮಕ್ಕಳ ಹಾಕಿ ಆರಾಮವಾಗಿಯೇ ಕೂರುತ್ತಾರೆ.

ಈ ಆಸನವನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಕೂಡದು. ಏರ್‌ಬ್ಯಾಗಿನ ಹೊಡೆತ ನೇರ ಮಗುವಿನ ತಲೆಯ ಹಿಂಭಾಗಕ್ಕೇ ಬೀಳುತ್ತದೆ.

ಅನಂತರದ್ದು, ಮುಂದಕ್ಕೆ ಮುಖ ಮಾಡಿದ, ಭುಜ, ಸೊಂಟ ಮತ್ತು ತೊಡೆಗಳ ನಡುವೆ ಹೀಗೆ ಐದು ಕಡೆ ಪಟ್ಟಿ ಹಿಡಿಯುವ ಆಸನ. ಸಾಮಾನ್ಯವಾಗಿ 18 ಕಿಲೋ ತೂಕದವರೆಗೆ ಅದು ಸಾಕಾಗುತ್ತದೆ. ಆಮೇಲೆ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ ಪೀಠ. ಕಾರಿನ ಬೆಲ್ಟ್ ದೊಡ್ಡವರ ಅಳತೆಗೆ ಹೊಲಿದ ಅಂಗಿಯಂತೆ. ಆರೇಳು ವರ್ಷದ ಮಗುವಿಗೆ ಅದು ಕುತ್ತಿಗೆಗೂ ಹೊಟ್ಟೆಗೂ ಒತ್ತುತ್ತದೆ. ಡಿಕ್ಕಿಯಾದರೆ ಸೊಂಟದ ಮೂಳೆಯ ಬದಲು ಕರುಳು, ಯಕೃತ್ತು ಪೆಟ್ಟು ತಿನ್ನುತ್ತವೆ. ಬೂಸ್ಟರ್ ಮೇಲೆ ಕೂತಾಗ ಬೆಲ್ಟ್ ಭುಜದ ನಡುವೆ ಹಾದು ತೊಡೆಯ ಬುಡದಲ್ಲಿ ಕೂರುತ್ತದೆ. ಕನಿಷ್ಠ ಹತ್ತು ವರ್ಷ ಅಥವಾ 135 ಸೆಂ.ಮೀ. ಎತ್ತರದವರೆಗೆ ಮಕ್ಕಳಿಗೆ ಆಸನ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಮತ. ಕೆಲವು ದೇಶಗಳಲ್ಲಿ ಈ ಎತ್ತರ 150 ಸೆಂ.ಮೀ.

ಕೊಳ್ಳುವವರು ಬಣ್ಣ, ಮೆತ್ತೆ ನೋಡುವ ಮುನ್ನ ಆಸನದ ಬೆನ್ನಿಗೋ ತಳಕ್ಕೋ ಅಂಟಿಸಿದ ಕಿತ್ತಳೆ ಬಣ್ಣದ ಚೀಟಿ ಹುಡುಕಬೇಕು. ‘ಇಸಿಇ ಆರ್44/04’ ಅಥವಾ ‘ಆರ್129’ ಎಂದಿದ್ದರೆ ಪರೀಕ್ಷೆ ದಾಟಿದ ಸರಕು. ಭಾರತದ ಸ್ವಂತ ಮಾನದಂಡ ‘ಎಐಎಸ್–072’. ಯಾವ ಗುರುತೂ ಇಲ್ಲದ, ಕುರ್ಚಿಗೆ ಪಟ್ಟಿ ಹೊಲಿದಂಥ ಅಗ್ಗದ ಮೆತ್ತೆಗಳೂ ‘ಕಾರ್ ಸೀಟ್’ ಹೆಸರಿನಲ್ಲಿ ಮಾರಾಟವಾಗುತ್ತವೆ; ಅವುಗಳಿಂದ ದೂರವಿರುವುದು ಲೇಸು. ಪರಿಚಯದವರಿಂದ ಹಳೆಯದನ್ನು ಪಡೆಯಬಹುದು, ಅದು ಅಪಘಾತ ಕಂಡಿಲ್ಲವೆಂಬ ಖಾತ್ರಿ ಇದ್ದರೆ ಮಾತ್ರ.

ಕಾರಿಗೆ ಸುರಕ್ಷತಾ ಪರೀಕ್ಷೆಯಲ್ಲಿ ಐದು ನಕ್ಷತ್ರ ಬಂದಿದೆ, ಇನ್ನೇನು ಬೇಕು ಎನ್ನುವವರೂ ಇದ್ದಾರೆ. ದೊಡ್ಡವರ ನಕ್ಷತ್ರ ಬೇರೆ, ಮಕ್ಕಳ ನಕ್ಷತ್ರ ಬೇರೆ. 2018ರ ಡಿಸೆಂಬರ್‌ನಲ್ಲಿ ದೊಡ್ಡವರ ವಿಭಾಗದಲ್ಲಿ ಐದು ನಕ್ಷತ್ರ ಪಡೆದು ದೇಶದಲ್ಲಿ ಸುದ್ದಿಯಾದ ಟಾಟಾ ನೆಕ್ಸಾನ್, ಮಕ್ಕಳ ವಿಭಾಗದಲ್ಲಿ ಆಗ ಪಡೆದದ್ದು ಮೂರು. 2023ರ ಅಕ್ಟೋಬರ್ 1ರಿಂದ ನಮ್ಮದೇ ‘ಭಾರತ್ ಎನ್‌ಕ್ಯಾಪ್’ ನಡೆಯುತ್ತಿದೆ. ಅದರಲ್ಲಿ ಮಕ್ಕಳ ಸುರಕ್ಷೆಗೆ 49 ಅಂಕ. ಆದರೆ ಆ ಪರೀಕ್ಷೆಯಲ್ಲಿ ಒಂದೂವರೆ ಮತ್ತು ಮೂರು ವರ್ಷದ ಮಕ್ಕಳ ಅಳತೆಯ ಬೊಂಬೆಗಳನ್ನು ಮಕ್ಕಳ ಆಸನದಲ್ಲಿ ಕಟ್ಟಿಯೇ ಕಾರನ್ನು ಗುದ್ದಿಸುತ್ತಾರೆ. ಆಸನವಿಲ್ಲದ ಮಗುವಿಗೆ ಆ ನಕ್ಷತ್ರಗಳು ಅನ್ವಯಿಸುವುದೇ ಇಲ್ಲ.

ಕೌದಿ, ಬಿಸಿಲು ಮತ್ತು ಕ್ರೂಸರ್

ಆಸನ ತಂದ ಮಾತ್ರಕ್ಕೆ ಕೆಲಸ ಮುಗಿಯದು. ಹೊಸ ಕಾರುಗಳಲ್ಲಿ ಹಿಂದಿನ ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಎರಡು ಉಕ್ಕಿನ ಕೊಂಡಿಗಳಿರುತ್ತವೆ. ‘ಐಸೋಫಿಕ್ಸ್’ ಎಂದು ಇದರ ಹೆಸರು. ಅದಕ್ಕೆ ಹೊಂದುವ ಆಸನವನ್ನು ಒತ್ತಿದರೆ ಟಕ್ಕೆಂದು ಕೂರುತ್ತದೆ. ಕೊಂಡಿ ಇಲ್ಲದ ಹಳೆಯ ಕಾರಿನಲ್ಲಿ ಸೀಟ್ ಬೆಲ್ಟಿನಿಂದಲೇ ಬಿಗಿಯಬೇಕು. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿದರೆ ಆಸನ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಮಗುವಿನ ಭುಜದ ಪಟ್ಟಿಯನ್ನು ಎರಡು ಬೆರಳುಗಳಿಂದ ಚಿವುಟಲು ಬಂದರೆ ಅದು ಸಡಿಲವೆಂದೇ ಅರ್ಥ.

ಇಲ್ಲಿಯ ರೂಢಿಗೆ ಸಂಬಂಧಿಸಿದ ಒಂದು ಎಚ್ಚರಿಕೆ ಇದೆ. ಕೂಸನ್ನು ದಪ್ಪ ಕೌದಿಯಲ್ಲೋ ದುಪ್ಪಟಿಯಲ್ಲೋ ಸುತ್ತಿ ಅದರ ಮೇಲೆ ಪಟ್ಟಿ ಬಿಗಿದರೆ, ಬಿಗಿಯಾದಂತೆ ಕಂಡರೂ ಡಿಕ್ಕಿಯಲ್ಲಿ ಅರಿವೆ ಅದುಮಿಕೊಂಡು ಪಟ್ಟಿ ಸಡಿಲವಾಗುತ್ತದೆ, ಕೂಸು ಜಾರುತ್ತದೆ. ತೆಳು ಅಂಗಿ ತೊಡಿಸಿ, ಪಟ್ಟಿ ಕಟ್ಟಿ, ಆಮೇಲೆ ಮೇಲಿನಿಂದ ಕೌದಿ ಹೊದಿಸಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಗದಗ ಸೀಮೆಯ ಬಿಸಿಲಿಗೆ ನಿಂತ ಕಾರಿನಲ್ಲಿ ಆಸನದ ಬಕಲ್ ಕೈಸುಡುವಷ್ಟು ಕಾಯ್ದಿರುತ್ತದೆ. ಕಾರು ನಿಲ್ಲಿಸುವಾಗ ಆಸನದ ಮೇಲೆ ಬಿಳಿ ಬಟ್ಟೆ ಹಾಸಿ, ಕೂರಿಸುವ ಮುನ್ನ ಕೈಯಿಂದ ಮುಟ್ಟಿ ನೋಡಬೇಕು. ಕೂಸು ಅತ್ತಾಗ ಓಡುವ ಕಾರಿನಲ್ಲೇ ಬಿಚ್ಚಿ ಹಾಲೂಡಿಸುವುದು ಎಲ್ಲೆಡೆ ಕಾಣುವ ಸಂಗತಿ. ಐದು ನಿಮಿಷ ಮರದ ನೆರಳಿನಲ್ಲಿ ಕಾರು ನಿಲ್ಲಿಸಿದರೆ ತಾಯಿಗೂ ವಿಶ್ರಾಂತಿ. ದೂರದ ಪ್ರಯಾಣವಾದರೆ ಎರಡು ಗಂಟೆಗೊಮ್ಮೆ ಹೇಗೂ ಕೂಸನ್ನು ಎತ್ತಿಕೊಂಡು ಮೈ ಸಡಿಲಿಸಬೇಕು. ಹಿಂದಿನ ಗಾಜಿನ ಬಳಿ ಇಟ್ಟ ಸ್ಟೀಲಿನ ಬುತ್ತಿ ಡಬ್ಬಿ, ನೀರಿನ ತಂಬಿಗೆಗಳೂ ಡಿಕ್ಕಿಯಲ್ಲಿ ಕಲ್ಲಿನಂತೆ ಹಾರಿಬರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಮದುವೆ, ಜಾತ್ರೆಗಳಿಗೆ ಈ ಭಾಗದಲ್ಲಿ ಹೆಚ್ಚಾಗಿ ಬಾಡಿಗೆಗೆ ಹಿಡಿಯುವುದು ಕ್ರೂಸರ್. ಅದರ ಹಿಂಬದಿಯಲ್ಲಿ ಎದುರುಬದುರಾಗಿರುವ ಅಡ್ಡ ಸೀಟುಗಳಲ್ಲಿ ಯಾವ ಮಕ್ಕಳ ಆಸನವನ್ನೂ ಕೂರಿಸಲಾಗದು. ನಡುವಿನ ಸಾಲು, ಅಲ್ಲಿ ಬೆಲ್ಟ್ ಇದ್ದರೆ, ಮಕ್ಕಳಿಗೆ ಮೀಸಲಾಗಬೇಕು. ಆಸನ ಸಿಗದ ಅನಿವಾರ್ಯ ಸಂದರ್ಭದಲ್ಲಿ ಉಳಿಯುವ ಒಂದೇ ಉಪಾಯ ವೇಗ ತಗ್ಗಿಸುವುದು. ಎಂಬತ್ತರಿಂದ ನಲವತ್ತಕ್ಕೆ ಇಳಿಸಿದರೆ ಡಿಕ್ಕಿಯ ಶಕ್ತಿ ಅರ್ಧವಲ್ಲ, ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಇದು ಆಸನಕ್ಕೆ ಬದಲಿಯಲ್ಲ, ಇಲ್ಲದ್ದಕ್ಕಿಂತ ವಾಸಿ ಅಷ್ಟೆ. ಮಗುವನ್ನು ಚಾಲಕನ ತೊಡೆಯ ಮೇಲೆ ಕೂರಿಸಿ ಸ್ಟೀರಿಂಗ್ ಹಿಡಿಸುವುದಕ್ಕೆ, ಸನ್‌ರೂಫಿನಿಂದ ತಲೆ ಹೊರಹಾಕಿಸುವುದಕ್ಕೆ ಯಾವ ಅನಿವಾರ್ಯದ ನೆಪವೂ ಇಲ್ಲ.

ಕಾರಿಲ್ಲದ ಮನೆಗಳ ಮಕ್ಕಳು ಓಡಾಡುವುದು ಬೈಕಿನಲ್ಲಿ. ಅವರಿಗೂ ನಿಯಮವಿದೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿ, ಒಂದು ವರ್ಷದ ನಂತರ ಜಾರಿಗೆ ಬಂದ ಅಧಿಸೂಚನೆಯಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನ ಮೈಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಬೇಕು. ಒಂಬತ್ತು ತಿಂಗಳು ದಾಟಿದ ಮಗುವಿಗೆ ಅಳತೆಗೆ ತಕ್ಕ ಹೆಲ್ಮೆಟ್ ಬೇಕು. ವೇಗ 40 ಕಿ.ಮೀ. ಮೀರಬಾರದು. ಪೆಟ್ರೋಲ್ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿಕೊಂಡು ಸಂತೆಗೆ ಹೋಗುವ ನೋಟ ಮಾತ್ರ ಬದಲಾಗಿಲ್ಲ.

ಇನ್ನು ಖರ್ಚಿನ ಮಾತು. ಮಕ್ಕಳ ಆಸನಕ್ಕೆ ಕೆಲವು ಸಾವಿರದಿಂದ ಹಿಡಿದು ಇಪ್ಪತ್ತು ಸಾವಿರ ದಾಟಿದ ಬೆಲೆಯೂ ಇದೆ. ಬೂಸ್ಟರ್ ಇದಕ್ಕಿಂತ ಅಗ್ಗ. ಲಕ್ಷಗಟ್ಟಲೆ ಕೊಟ್ಟು ಕಾರು ಕೊಂಡವರಿಗೆ ಇದು ಭಾರವಾಗದಿದ್ದರೂ, ಹಳೆಯ ಕಾರನ್ನು ಸಾಲ ಮಾಡಿ ಕೊಂಡ ಸಣ್ಣ ರೈತನಿಗೆ ಭಾರವೇ. ತೊಟ್ಟಿಲು, ಬೆಳ್ಳಿ ಕಾಲ್ಗಡಗ ಕೊಡುವ ಸೋದರಮಾವಂದಿರು ಒಟ್ಟು ಸೇರಿ ಇದನ್ನೂ ಉಡುಗೊರೆಯ ಪಟ್ಟಿಗೆ ಸೇರಿಸಿಕೊಂಡರೆ ಒಬ್ಬರ ಮೇಲೆ ಹೊರೆ ಬೀಳದು.

ಹಣಕ್ಕಿಂತ ದೊಡ್ಡ ಅಡ್ಡಿ ಜಾಗದ್ದು. ಐದು ಜನರ ಕಾರಿನಲ್ಲಿ ಎಂಟು ಜನ ಹೋಗುವುದು ನಮ್ಮಲ್ಲಿ ವಾಡಿಕೆ. ಕೂಸಿಗೊಂದು ಆಸನ ಹಾಕಿದರೆ ಅದರ ಪಕ್ಕದಲ್ಲಿ ಬಾಣಂತಿ. ಇನ್ನೊಬ್ಬರಿಗೆ ಜಾಗ ಉಳಿದರೆ ಪುಣ್ಯ. ಹಾಗಾದರೆ ಕಳುಹಿಸಲು ಬರುವ ಅಜ್ಜಿ, ಅತ್ತಿಗೆ, ಚಿಕ್ಕಮ್ಮಂದಿರು ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಅಂಗಳದಲ್ಲೇ ಏಳುತ್ತದೆ. ಆಸನ ಡಿಕ್ಕಿಗೆ ಹೋಗಿ ಕೂಸು ಮಡಿಲಿಗೆ ಮರಳುವುದೂ ಆಗಲೇ. ಇದಕ್ಕೆ ಉತ್ತರ ಬಸ್ ನಿಲ್ದಾಣದಲ್ಲಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಬೇಕಿಲ್ಲ. ಬುತ್ತಿಯ ಗಂಟು ಹಿಡಿದ ಅಜ್ಜಿಯರು ಮುಂಜಾನೆಯ ಬಸ್ಸಿಗೆ ಹೊರಟರೆ, ಕಾರು ಬರುವ ಹೊತ್ತಿಗೆ ಬೀಗರ ಮನೆಯ ಹೊಸ್ತಿಲಲ್ಲಿ ಆರತಿ ಹಿಡಿದು ನಿಂತಿರಬಹುದು.